ತಲೆ ಒಣಗುವವರೆಗೆ

ಮುದುಕಿ ಬೆಳಿಗ್ಗೆ ಎದ್ದ ಕೂಡಲೇ ಗೋಡೆ ಮುಟ್ಟಿ ನೋಡುತ್ತಿದ್ದಳು. ಬಾಯಿ ಮುಕ್ಕಳಿಸುವುದು, ಮುಖ ತೊಳೆಯುವುದು ಎಲ್ಲ ಆಮೇಲೆ. ಗೋಡೆ ಬೆಚ್ಚಗಿದ್ದರೆ ಕೆಲಸದ ದಿನ. ತಣ್ಣಗಿದ್ದರೆ ಭಾನುವಾರ.

ಗೋಡೆಯ ಆಚೆಗೆ ಲಾಂಡ್ರಿಯ ಬಾಯ್ಲರು. ಹಿಂದಿನ ಧಣಿ ಒಂದು ಗೋಡೆಯ ಖರ್ಚು ಉಳಿಸಲು ಬಾಯ್ಲರು ಮನೆಯ ಬೆನ್ನಿಗೇ ಕೆಲಸದವರ ಸಾಲುಮನೆಗಳನ್ನು ಅಂಟಿಸಿ ಕಟ್ಟಿಸಿದ್ದ. ಹುಟ್ಟಿದವರು, ಹೆತ್ತವರು, ಸತ್ತವರು ಎಲ್ಲರೂ ಆ ಬಿಸಿಯಲ್ಲೇ. ಮುದುಕಿಯ ಕಣ್ಣನ್ನು ಬ್ಲೀಚಿಂಗ್ ಪೌಡರಿನ ಘಾಟು ತಿಂದು ಹಾಕಿತ್ತು. ಕ್ಯಾಲೆಂಡರು ಕಾಣದು, ಕಂಡರೂ ಓದಲು ಬಾರದು. ಅವಳಿಗೆ ಗೋಡೆಯೇ ಕ್ಯಾಲೆಂಡರು.

ಆ ಗೋಡೆ ಕೊನೆಯ ಸಲ ತಣ್ಣಗಾಗಿ ವರ್ಷದ ಮೇಲಾಗಿತ್ತು.

"ಇವತ್ತು ಯಾವ ವಾರನೇ?" ಮುದುಕಿ ಮಗಳನ್ನು ಕೇಳುತ್ತಿದ್ದಳು.

"ಶುಕ್ರವಾರ ಅಮ್ಮ."

"ಭಾನುವಾರ ಯಾವಾಗ?"

"ನಾಡಿದ್ದು."

ನಾಡಿದ್ದು ಗೋಡೆ ಬೆಚ್ಚಗೇ ಇರುತ್ತಿತ್ತು. ಮುದುಕಿ ಅಂಗೈ ಒತ್ತಿ, ಆಮೇಲೆ ಕೆನ್ನೆ ಒತ್ತಿ ನೋಡಿ, "ಇಲ್ಲ ಕಣೇ, ಇನ್ನೂ ಬಂದಿಲ್ಲ. ನೀನು ಎಲ್ಲೋ ಲೆಕ್ಕ ತಪ್ಪಿದೀಯ" ಅನ್ನುತ್ತಿದ್ದಳು. ಬಟ್ಟೆ ಸರಿಮಾಡಿಕೊಂಡು ಕೆಲಸಕ್ಕೆ ಹೊರಟು ನಿಲ್ಲುತ್ತಿದ್ದಳು. ಹಿಡಿದು ಕೂರಿಸಬೇಕಿತ್ತು. ತಲೆಗೆ ನೀರು ಹಾಕುತ್ತೇನೆ ಬಾ ಎಂದರೆ ಮೈಮೇಲೆ ಬರುತ್ತಿದ್ದಳು. "ಕೆಲಸದ ದಿನ ತಲೆಗೆ ನೀರಾ? ತಲೆ ನೆಟ್ಟಗಿದೆ ತಾನೇ ನಿನಗೆ?" ಬಲವಂತವಾಗಿ ತೊಳೆದರೆ ಮಗುವಿನ ಹಾಗೆ ಅಳುತ್ತಿದ್ದಳು. ಅವಳ ಬಿಳಿ ಕೂದಲು ಗಂಟುಗಟ್ಟಿ ಕಮಟು ವಾಸನೆ ಹೊಡೆಯುತ್ತಿತ್ತು.

ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ಮಗಳು ಮುಖ ತಿರುಗಿಸುತ್ತಿದ್ದಳು. ಅಸಹ್ಯದಿಂದಲ್ಲ. ಭಾನುವಾರ ಎಲ್ಲಿಗೆ ಹೋಯಿತು ಎಂದು ಆ ಓಣಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಅವಳಿಗೇ. ಅವಳು ಲಾಂಡ್ರಿಯ ಮೇಸ್ತ್ರಿ.

ಭಾನುವಾರ ಅವರಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಮುದುಕಿಯ ಹರೆಯದಲ್ಲಿ ಏಳು ದಿನವೂ ದುಡಿತ. ಕತ್ತಲಿರುವಾಗ ಒಳಗೆ ಹೋಗಬೇಕು, ಕತ್ತಲಾದ ಮೇಲೆ ಹೊರಗೆ ಬರಬೇಕು. ಒಳಗೆ ಹಬೆ. ಹಬೆಯಲ್ಲಿ ಹೆಂಗಸರ ತಲೆ ಎಂದೂ ಒಣಗುತ್ತಿರಲಿಲ್ಲ. ಒದ್ದೆ ಕೂದಲಿನಲ್ಲೇ ಕೆಲಸ, ಒದ್ದೆ ಕೂದಲಿನಲ್ಲೇ ನಿದ್ದೆ. ತಲೆತುಂಬ ಹುಣ್ಣು, ಹುಣ್ಣಿನಲ್ಲಿ ಕೀವು. ಊರಿನವರು ಮಲಗುವ ಚಾದರ ಮಲ್ಲಿಗೆಯ ಹಾಗೆ ಬೆಳ್ಳಗಾಗುತ್ತಿತ್ತು. ಒಗೆಯುವವರ ತಲೆ ಕೊಳೆಯುತ್ತಿತ್ತು. ಎಲ್ಲರೂ ಸೇರಿ ಧಣಿಯ ಮುಂದೆ ಹೋಗಿ ನಿಂತರು.

"ತಲೆ ತೊಳೆದು ಒಣಗಿಸಿಕೊಳ್ಳೋಕೆ ವಾರಕ್ಕೊಂದು ದಿನ ಕೊಡಿ ಧಣಿ."

ಧಣಿ ನಕ್ಕ. "ತಲೆ ಬೋಳಿಸಿಕೊಳ್ಳಿ. ಬಟ್ಟೆ ಒಗೆಯೋಕೆ ಕೂದಲು ಯಾತಕ್ಕೆ?"

ಪಕ್ಕದಲ್ಲಿದ್ದ ಗುಮಾಸ್ತರೂ ನಕ್ಕರು. ಮರುದಿನ ಬೆಳಗಾಗುವ ಮೊದಲು, ಬಾಯ್ಲರಿಗೆ ಬೆಂಕಿ ಹಾಕುವ ಮೊದಲು, ಹೆಂಗಸರೆಲ್ಲ ತಲೆಗೆ ತಣ್ಣೀರು ಸುರಿದುಕೊಂಡು ಬಂದು ಬಾಯ್ಲರಿನ ಬಾಯಿಗೆ ಬೆನ್ನು ಕೊಟ್ಟು ಕೂತರು. "ತಲೆ ಒಣಗೋವರೆಗೂ ಏಳಲ್ಲ." ಧಣಿಯ ಆಳುಗಳು ಬಂದು ಅದೇ ಒದ್ದೆ ಕೂದಲಿಗೆ ಕೈಹಾಕಿ ಎಳೆದರು. ಎಳೆದಷ್ಟೂ ಬಂದು ಕೂತರು. ಮುದುಕಿ ಆಗ ತುಂಬಿದ ಬಸುರಿ. ಹೊಟ್ಟೆಯಲ್ಲಿದ್ದದ್ದು ಇದೇ ಮೇಸ್ತ್ರಿ. ಹೋಟೆಲುಗಳಲ್ಲಿ ಕೊಳೆ ಚಾದರ ರಾಶಿ ಬಿದ್ದ ಮೇಲೆ ಧಣಿಗೆ ಬುದ್ಧಿ ಬಂತು. ಮೊದಲ ಭಾನುವಾರ ಮುದುಕಿ ತಣ್ಣಗಿನ ಗೋಡೆಗೆ ಕೆನ್ನೆ ಒತ್ತಿ ಅತ್ತಳಂತೆ.

ಮೇಸ್ತ್ರಿ ಹುಟ್ಟಿ ಬೆಳೆದದ್ದೇ ಆ ತಣ್ಣನೆಯ ಗೋಡೆಯ ಭಾನುವಾರಗಳಲ್ಲಿ. ಬಿಸಿಲು ಹೊಸ್ತಿಲಿಗೆ ಬರುವವರೆಗೂ ಓಣಿಯಲ್ಲಿ ಯಾರೂ ಏಳುತ್ತಿರಲಿಲ್ಲ. ಆಮೇಲೆ ಎಲ್ಲ ಮನೆಯ ಮುಂದೂ ಕೂದಲು ಬಿಚ್ಚಿಕೊಂಡ ಹೆಂಗಸರು. ಒಬ್ಬಳ ತಲೆ ಇನ್ನೊಬ್ಬಳು ಬಾಚುವುದು, ಧಣಿಯ ನಡಿಗೆಯನ್ನು ಅಣಕಿಸಿ ಹೊಟ್ಟೆ ಹಿಡಿದು ನಗುವುದು, ಗಂಡಂದಿರ ಗೊರಕೆಗೆ ಒಂದೊಂದು ಹೆಸರಿಡುವುದು. ಯಾರ ಮನೆಯಲ್ಲಿ ಏನು ಕಷ್ಟ ಎಂದು ಎಲ್ಲರಿಗೂ ಗೊತ್ತಾಗುತ್ತಿದ್ದದ್ದು ಆ ದಿನವೇ. ಯಾರನ್ನಾದರೂ ಕೆಲಸಕ್ಕೆ ಕರೆಯಲು ಲಾಂಡ್ರಿಯ ಕಡೆಯಿಂದ ಆಳು ಬಂದರೆ ಓಣಿಯೆಲ್ಲ ಒಂದೇ ಮಾತು ಹೇಳುತ್ತಿತ್ತು: "ತಲೆ ಒಣಗಿಲ್ಲ ಅಂತ ಹೇಳು ಹೋಗು."

ಆಮೇಲೆ ಊರು ಬದಲಾಯಿತು. ಆಫೀಸಿನವರಿಗೆ ವಾರಕ್ಕೆ ಎರಡು ದಿನ ರಜೆ ಬಂತು. ಬರಲಿ, ಯಾರು ಬೇಡ ಅಂದರು? ಶುಕ್ರವಾರ ಸಂಜೆ ಅವರು ಗಾಡಿ ಹತ್ತಿ ಹೋಟೆಲುಗಳಿಗೆ ಹೊರಟರು. ಮಲಗಿದರು, ಎದ್ದರು, ಈಜಿದರು, ಒರೆಸಿಕೊಂಡರು. ಅವರು ಹಾಸಿದ್ದು, ಹೊದ್ದದ್ದು, ಒರೆಸಿ ಎಸೆದದ್ದು ಶನಿವಾರ ಭಾನುವಾರವೇ ಲಾರಿಗಟ್ಟಲೆ ಲಾಂಡ್ರಿಗೆ ಬಂತು. ಅವರ ಎರಡು ದಿನ ಇವರ ಒಂದು ದಿನವನ್ನು ನುಂಗಿ ನೀರು ಕುಡಿಯಿತು.

ನುಂಗುವ ಮೊದಲು ಒಪ್ಪಿಗೆ ಕೇಳಿದ್ದರು. ಅದೇ ಮೇಸ್ತ್ರಿಯ ಎದೆಯ ಮುಳ್ಳು. ಆಗ ಹೆಂಗಸರ ಪರವಾಗಿ ಮಾತಾಡುತ್ತಿದ್ದವಳು ಅವಳು. ಮ್ಯಾನೇಜರು ಅವಳೊಬ್ಬಳನ್ನೇ ಕರೆಸಿದ. "ರಜಾ ಕಿತ್ತುಕೊಳ್ತಿಲ್ಲ ಅಮ್ಮ, ಹಂಚ್ತಿದೀವಿ. ಒಬ್ಬೊಬ್ಬರಿಗೆ ಒಂದೊಂದು ದಿನ. ಬಾಯ್ಲರು ಮಾತ್ರ ನಿಲ್ಲಲ್ಲ." ಹಾಗೆಂದು ಒಂದು ಕುರ್ಚಿ ಮುಂದಕ್ಕೆ ತಳ್ಳಿದ. "ಕೂತ್ಕೊಳ್ಳಿ. ಇನ್ನುಮುಂದೆ ನೀವು ಮೇಸ್ತ್ರಿ. ನೀವು ನಿಂತು ಕೆಲಸ ಮಾಡೋ ಹಾಗಿಲ್ಲ."

ಲಾಂಡ್ರಿಯಲ್ಲಿ ಹೆಂಗಸರು ಕೂರುವ ಹಾಗಿರಲಿಲ್ಲ. ಕೂರಲು ಏನೂ ಇರಲಿಲ್ಲ. ನಿಂತೂ ನಿಂತೂ ಅವಳ ಮೊಣಕಾಲ ಕೆಳಗೆ ನರಗಳು ಹಗ್ಗದ ಹಾಗೆ ಗಂಟುಗಟ್ಟಿ ನೀಲಿಯಾಗಿದ್ದವು. ರಾತ್ರಿ ಕಾಲನ್ನು ಗೋಡೆಗೆ ಎತ್ತಿಟ್ಟುಕೊಂಡು ಹಲ್ಲು ಕಚ್ಚುತ್ತಿದ್ದಳು. ಆ ಕಟ್ಟಡದೊಳಗೆ ಯಾರೋ ಮೊದಲ ಸಲ ಕೂತ್ಕೊಳ್ಳಿ ಅಂದಿದ್ದರು. ಅದೂ ಬಹುವಚನದಲ್ಲಿ. ಅವಳು ಕೂತಳು. ಕಾಲು ಹಗುರಾಯಿತು. ತಲೆ ತಾನಾಗಿ ಹೂಂ ಅಂತ ಆಡಿತು.

ಅಂದಿನಿಂದ ಓಣಿಯಲ್ಲಿ ಅಕ್ಕಪಕ್ಕದ ಎರಡು ಮನೆಗೆ ಒಂದೇ ದಿನ ರಜೆ ಬೀಳಲಿಲ್ಲ. ಒಬ್ಬಳಿಗೆ ಸೋಮವಾರ, ಒಬ್ಬಳಿಗೆ ಗುರುವಾರ. ಖಾಲಿ ಓಣಿಯಲ್ಲಿ ಒಬ್ಬಳೇ ಕೂತು ತಲೆ ಒಣಗಿಸಿಕೊಳ್ಳುವವಳ ಮುಖ ನೋಡಲಾಗುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಅದಕ್ಕೂ ಕತ್ತರಿ. ಹಿಂದಿನ ಸಂಜೆ ಫೋನಿಗೆ ಮೆಸೇಜು ಬರುತ್ತಿತ್ತು: ನಾಳೆ ರಜೆ ರದ್ದು. ಕೆಲವರು ಮೆಸೇಜು ನೋಡುತ್ತಿರಲಿಲ್ಲ. ನೋಡಿದರೂ ನೋಡದವರ ಹಾಗೆ ಇರುತ್ತಿದ್ದರು. ಅಂಥವರ ಬಾಗಿಲು ಬಡಿಯುವುದು ಮೇಸ್ತ್ರಿಯ ಕೆಲಸ. ಕುರ್ಚಿ ಸುಮ್ಮನೆ ಬಂದಿರಲಿಲ್ಲ.

ಅವತ್ತು ಬುಧವಾರ. ಮೂಲೆಮನೆಯವಳ ರಜೆ.

ಮೂಲೆಮನೆಯವಳ ಗಂಡ ಬಸ್ಸು ತೊಳೆಯುವವನು. ಅವನಿಗೆ ರಜೆ ಇದ್ದಾಗ ಇವಳಿಗಿಲ್ಲ, ಇವಳಿಗಿದ್ದಾಗ ಅವನಿಗಿಲ್ಲ. "ಅಕ್ಕ, ಗಂಡನ ಮುಖ ಮರೆತು ಹೋಗಿ ಯಾರೋ ಬೇರೆಯವನನ್ನ ಒಳಗೆ ಬಿಟ್ಕೊಂಡ್ರೆ ನಿಮ್ಮ ಮ್ಯಾನೇಜರೇ ಜವಾಬ್ದಾರಿ" ಎಂದು ಅವಳು ಇಸ್ತ್ರಿ ರೋಲರಿನ ಮುಂದೆ ಹೇಳಿದಾಗ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕಿದ್ದರು. ಅಂತೂ ಯಾವುದೋ ಪುಣ್ಯಕ್ಕೆ ಈ ಬುಧವಾರ ಇಬ್ಬರಿಗೂ ಒಟ್ಟಿಗೆ ಬಿದ್ದಿತ್ತು.

ಮೇಸ್ತ್ರಿ ಕೆಲಸಕ್ಕೆ ಕರೆಯಲು ಹೋದಾಗ ಗಂಡ ಹೊರಗೆ ಹೋಗಿದ್ದ, ಏನೋ ತರಲು. ಅವಳು ಬಚ್ಚಲಲ್ಲಿದ್ದಳು. ಸೊಂಟದವರೆಗೆ ಬರುವ ಕೂದಲು ಅವಳದು. ಓಣಿಯಲ್ಲೇ ಅಷ್ಟು ಕೂದಲು ಯಾರಿಗೂ ಇರಲಿಲ್ಲ. ಸೋಪಿನ ನೊರೆಯಲ್ಲೇ ಬಾಗಿಲ ಸಂದಿಯಿಂದ ಇಣುಕಿದಳು.

"ಅಕ್ಕ, ಇವತ್ತೊಂದು ದಿನ ಬಿಟ್ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಲಾರಿ ಬಂದು ನಿಂತಿದೆ. ರೋಲರಿಗೆ ಜನ ಇಲ್ಲ. ನಾನೇನು ಮಾಡ್ಲಿ?"

"ತಲೆ ಒಣಗಿಲ್ಲ ಅಕ್ಕ."

ಆ ಮಾತನ್ನು ಅವಳು ಬೇಕೆಂದು ಆಡಿದಳೋ, ಸುಮ್ಮನೆ ಆಡಿದಳೋ. ಮೇಸ್ತ್ರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹಾಗಾದದ್ದಕ್ಕೇ ದನಿ ಗಡುಸಾಯಿತು.

"ನೀರು ಸುರ್ಕೊಂಡು ಹಾಗೇ ಬಾ. ಒಳಗೆ ಹಬೆ ಇದೆಯಲ್ಲ, ಅಲ್ಲೇ ಒಣಗುತ್ತೆ."

ಅವಳು ಹಾಗೇ ಬಂದಳು. ಒದ್ದೆ ಕೂದಲನ್ನು ಸುತ್ತಿ ಮೇಲೊಂದು ಟವೆಲು ಕಟ್ಟಿಕೊಂಡಿದ್ದಳು. ದಾರಿಯುದ್ದಕ್ಕೂ ನೀರು ತೊಟ್ಟಿಕ್ಕುತ್ತಿತ್ತು. ಗೇಟಿನವನು ಟವೆಲು ಲಾಂಡ್ರಿಯದ್ದೋ ಮನೆಯದ್ದೋ ಎಂದು ಬಿಚ್ಚಿಸಿ ನೋಡಿದ. ಅವಳು ಮತ್ತೆ ಕಟ್ಟಿಕೊಂಡಳು, ಅವಸರದಲ್ಲಿ.

ಇಸ್ತ್ರಿ ರೋಲರು ಎಂದರೆ ಮೈ ಸುಡುವಷ್ಟು ಕಾದ ಎರಡು ಉದ್ದದ ಉರುಳೆ. ಒದ್ದೆ ಚಾದರವನ್ನು ಇಬ್ಬರು ಎರಡು ತುದಿ ಹಿಡಿದು ಉರುಳೆಗಳ ನಡುವೆ ಕೊಡಬೇಕು. ಬಗ್ಗಬೇಕು, ಕೊಡಬೇಕು, ಏಳಬೇಕು. ನಿಲ್ಲುವ ಹಾಗಿಲ್ಲ. ಮೇಸ್ತ್ರಿ ಕುರ್ಚಿಯಲ್ಲಿ ಕೂತಿದ್ದಳು. ಟವೆಲು ಜಾರುವುದನ್ನು ಅವಳು ನೋಡಿದಳು. ಬಾಯಿ ತೆರೆದಳು. ಅಷ್ಟರಲ್ಲಿ ಚಾದರದ ಜೊತೆಗೆ ಕೂದಲೂ ಒಳಗೆ ಹೋಯಿತು.

ಆ ಕೂಗನ್ನು ಹೇಗೆ ಬರೆಯುವುದು? ಬರೆಯುವುದು ಬೇಡ. ಯಾರೋ ಸ್ವಿಚ್ಚು ಹೊಡೆದರು. ಉರುಳೆ ನಿಲ್ಲುವಷ್ಟರಲ್ಲಿ ಹಣೆಯ ಮೇಲಿನಿಂದ ಕಿವಿಯವರೆಗೆ ತಲೆಯ ಚರ್ಮ ಕೂದಲಿನ ಸಮೇತ ಕಿತ್ತು ಬಂದಿತ್ತು. ಬಿಳಿ ಚಾದರ ಆಚೆ ಬದಿಯಿಂದ ಕೆಂಪಾಗಿ ಹೊರಬಂತು.

ಆಸ್ಪತ್ರೆಯ ಗಾಡಿ ಬಂತು. ಹೆಂಗಸರು ಹೊತ್ತುಕೊಂಡು ಹೋಗಿ ಮಲಗಿಸಿದರು. ಗೇಟಿನಲ್ಲಿ ಅವಳ ಗಂಡ ಎದುರಾದ. ಕೈಯಲ್ಲಿ ಒಂದು ಪೊಟ್ಟಣವಿತ್ತು. ಗಾಡಿ ಹೊರಡುವ ಮೊದಲು ಒಂದೇ ಒಂದು ಮಾತು ಕೇಳಿದ.

"ಒದ್ದೆ ತಲೇಲಿ ಬಾ ಅಂದಿದ್ದು ಯಾರು?"

ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ. ಮೇಸ್ತ್ರಿಯೂ ಹೇಳಲಿಲ್ಲ. ಅವಳು ನೆಲ ನೋಡುತ್ತಿದ್ದಳು. ಸುಮ್ಮನಿದ್ದವರ ಕಣ್ಣೆಲ್ಲ ತನ್ನ ಮೇಲಿದೆ ಎಂದು ನೋಡದೆಯೂ ತಿಳಿಯುತ್ತಿತ್ತು.

ಮ್ಯಾನೇಜರು ಬಂದ. ರೋಲರು ನೋಡಿದ. ಚಾದರ ನೋಡಿದ.

"ಕೂದಲು ಕಟ್ಕೊಂಡು ಬರ್ಬೇಕು ಅಂತ ರೂಲ್ಸ್ ಇಲ್ವಾ? ಅವಳದ್ದೇ ತಪ್ಪು. ನೀವೇ ಸಾಕ್ಷಿ, ಅಲ್ವಾ ಮೇಸ್ತ್ರಿ?" ಉತ್ತರಕ್ಕೆ ಅವನು ಕಾಯಲಿಲ್ಲ. "ಆ ಚಾದರ ಎಸೀಬೇಡಿ. ಒಳ್ಳೇ ಮಾಲು, ಹೋಟೆಲಿನವರು ಕೇಳ್ತಾರೆ. ರೋಲರು ಒರೆಸಿ ಶುರು ಮಾಡಿ. ಜನ ಇಲ್ಲ ಅಂದ್ರೆ ನಿಮ್ಮ ಮಗಳಿಗೆ ಇವತ್ತು ರಜಾ ಅಲ್ವಾ, ಅವಳನ್ನ ಕರೀರಿ."

ರಕ್ತದ ಕಲೆಗೆ ಬಿಸಿನೀರು ಹಾಕಿದರೆ ಕಚ್ಚಿಕೊಂಡು ಕೂರುತ್ತದೆ. ತಣ್ಣೀರಿನಲ್ಲೇ ಉಜ್ಜಬೇಕು. ಮೇಸ್ತ್ರಿ ನಲ್ಲಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಆ ಚಾದರ ಉಜ್ಜಿದಳು. ಉದ್ದನೆಯ ಕೂದಲೊಂದು ಅವಳ ಬೆರಳಿಗೆ ಸುತ್ತಿಕೊಂಡಿತು. ಬಿಡಿಸಿದಷ್ಟೂ ಸುತ್ತಿಕೊಂಡಿತು. ಕಲೆ ಹೋಯಿತು. ಚಾದರ ಮೊದಲಿನ ಹಾಗೇ ಬೆಳ್ಳಗಾಯಿತು. ಅದನ್ನು ನೋಡಿ ಅವಳಿಗೆ ತನ್ನ ಕೈಗಳ ಮೇಲೆ ಎಂದೂ ಬರದಷ್ಟು ಹೇಸಿಗೆ ಬಂತು.

ಆದರೂ ಮನೆಗೆ ಹೋದಳು. ಮಗಳನ್ನು ಕರೆಯಲೆಂದೇ ಹೋದಳು. ಇದನ್ನು ಮುಚ್ಚಿಡುವಂತಿಲ್ಲ. ನಾಚಿಕೆ ಹೊಟ್ಟೆಯಲ್ಲಿತ್ತು, ಕಾಲು ಮ್ಯಾನೇಜರು ಹೇಳಿದ ಕಡೆಗೇ ನಡೆಯುತ್ತಿತ್ತು.

ಮಗಳು ಹೊಸ್ತಿಲ ಮೇಲೆ ಕೂತಿದ್ದಳು. ಅವಳೂ ಅದೇ ಲಾಂಡ್ರಿಯಲ್ಲಿ ಟವೆಲು ಮಡಚುವವಳು. ಹುಟ್ಟಿದಾಗಿನಿಂದ ಭಾನುವಾರದ ಕಥೆ ಕೇಳಿದವಳು, ಕೆಲಸಕ್ಕೆ ಸೇರಿದ ಮೇಲೆ ಭಾನುವಾರ ಕಾಣದವಳು. ಸುದ್ದಿ ಆಗಲೇ ಓಣಿಗೆ ಬಂದಿತ್ತು.

"ರೋಲರಿಗೆ ಜನ ಇಲ್ಲ. ಬಾ."

"ಅವಳ ಕೂದಲು ತೆಗ್ದಿದೀರಾ, ಇನ್ನೂ ಅದರಲ್ಲೇ ಇದೆಯಾ?"

"ಹಾಗೆಲ್ಲ ಮಾತಾಡ್ಬೇಡ. ನನ್ನ ಕೈಲಿ ಏನಿದೆ ಹೇಳು?"

"ಕೈಲಿ ಏನಿಲ್ಲ ಬಿಡಮ್ಮ. ಕೆಳಗಿದೆ. ಕುರ್ಚಿ. ಅಜ್ಜಿ ಹೊಟ್ಟೇಲಿ ನಿನ್ನನ್ನ ಇಟ್ಕೊಂಡು ಕೂದಲು ಎಳೆಸ್ಕೊಂಡು ತಂದಿದ್ದನ್ನ ನೀನು ಒಂದು ಕುರ್ಚಿಗೆ ಕೊಟ್ಟೆ. ನಾನು ಬರಲ್ಲ. ಇವತ್ತೂ ಬರಲ್ಲ, ರಜಾ ಇದ್ದ ಯಾವತ್ತೂ ಬರಲ್ಲ. ಮೊದಲು ನನ್ನ ಹೆಸರೇ ಹೊಡೆದು ಹಾಕು."

ಒಳಗಿನಿಂದ ಮುದುಕಿ ಕೂಗಿದಳು. "ಏನೇ ಅದು, ಇಬ್ಬರೂ ಈ ಹೊತ್ತಲ್ಲಿ ಮನೇಲಿದೀರಿ? ಭಾನುವಾರನೇನೇ?" ಗೋಡೆ ತಡವುವ ಸದ್ದು ಕೇಳಿತು. ತಾನೇ ಹೇಳಿಕೊಂಡಳು. "ಇಲ್ಲ. ಬಿಸಿ ಇದೆ."

ಮೇಸ್ತ್ರಿ ಅಲ್ಲಿಂದ ಎದ್ದುಬಿದ್ದು ಹೊರಟಳು. ಎಲ್ಲಿಗೆ ಎಂದು ಲಾಂಡ್ರಿಯ ಗೇಟು ದಾಟುವವರೆಗೂ ಅವಳಿಗೇ ಗೊತ್ತಿರಲಿಲ್ಲ. ನೇರ ಒಳಗೆ ಹೋಗಿ ತನ್ನ ಕುರ್ಚಿ ಎತ್ತಿಕೊಂಡಳು. ಬಾಯ್ಲರು ಮನೆಗೆ ಹೋದಳು. ಬೆಂಕಿಯ ಬಾಯಿಗೂ ಸೌದೆಯ ರಾಶಿಗೂ ನಡುವೆ ಕುರ್ಚಿ ಹಾಕಿ ಕೂತುಬಿಟ್ಟಳು.

ಬಾಯ್ಲರಿಗೆ ಸೌದೆ ಒಟ್ಟುವವನನ್ನು ಎಲ್ಲರೂ ಬೆಂಕಿಯಣ್ಣ ಅನ್ನುತ್ತಿದ್ದರು. ಅವನು ತೋಳಿನಲ್ಲಿ ಸೌದೆ ಹಿಡಿದು ನಿಂತೇ ಇದ್ದ.

"ಏಳಮ್ಮ. ಹಬೆ ಇಳೀತಿದೆ."

"ಇಳೀಲಿ."

"ನನ್ನ ಕೆಲಸ ಹೋಗುತ್ತೆ ಕಣಮ್ಮ."

"ನನ್ನನ್ನ ಎಳೆದು ಹಾಕು ಹಾಗಾದ್ರೆ. ಕೂದಲಿದೆಯಲ್ಲ, ಹಿಡ್ಕೊಂಡು ಎಳಿ."

ಬೆಂಕಿಯಣ್ಣ ಸೌದೆ ಕೆಳಗಿಟ್ಟ. "ನಮ್ಮಪ್ಪ ಎಳೆದಿದ್ದ" ಅಂದ. "ಇದೇ ಜಾಗದಲ್ಲಿ. ನಿಮ್ಮಮ್ಮನ್ನ. ಸಾಯೋವರೆಗೂ ಅವನು ಊಟಕ್ಕೆ ಮುಂಚೆ ಬಲಗೈ ತೊಳೀತಾನೇ ಇರ್ತಿದ್ದ." ಸೌದೆಯ ಮೇಲೆ ತಾನೂ ಕೂತ.

ಬೆಂಕಿಯ ಬಿಸಿಗೆ ಅವಳ ಬೆನ್ನು ಬೇಯುತ್ತಿತ್ತು. ಕಾಲಿನ ನರಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಒಳಗೆ ರೋಲರು ತಣ್ಣಗಾಗಿ ಚಾದರ ಒದ್ದೆಯಾಗಿಯೇ ಹೊರಬರತೊಡಗಿತು. ಹೆಂಗಸರು ಒಬ್ಬೊಬ್ಬರೇ ಬಾಗಿಲಿಗೆ ಬಂದು ಇಣುಕಿದರು. ಯಾರೂ ಅವಳನ್ನು ಹೊಗಳಲಿಲ್ಲ. ಯಾರೂ ಅವಳ ಪಕ್ಕ ಕೂರಲಿಲ್ಲ. ದೂರದಲ್ಲಿ, ಸೌದೆಯ ಮೇಲೆ, ಬರಿನೆಲದ ಮೇಲೆ ಕೂತರು. ಕೂತವರು ಏಳಲಿಲ್ಲ. ಮಗಳೂ ಬಂದಳು. ಅವರ ನಡುವೆ ಕೂತಳು.

ಮ್ಯಾನೇಜರು ಬಂದು ಕಿರುಚಿದ. ಬಹುವಚನ ಗಾಳಿಗೆ ಹಾರಿಹೋಗಿತ್ತು. "ಏಳೇ ಮೇಲೆ! ಯಾರು ಕೊಟ್ಟಿದ್ದು ಆ ಕುರ್ಚಿ ನಿಂಗೆ?"

"ನೀವೇ. ಅದಕ್ಕೇ ಕೂತಿದೀನಿ."

"ಏನು ಬೇಕು ನಿಮಗೆಲ್ಲ?"

ಅವಳ ಬಾಯಿಂದ ಹೊರಟದ್ದು ಅವಳ ಮಾತಲ್ಲ. ಅವಳು ಹುಟ್ಟುವ ಮೊದಲಿನ ಮಾತು. "ತಲೆ ತೊಳೆದು ಒಣಗಿಸಿಕೊಳ್ಳೋಕೆ ಒಂದು ದಿನ. ಎಲ್ಲರಿಗೂ ಒಂದೇ ದಿನ. ಬಾಯ್ಲರು ಆರಿಸಿ."

ಸಂಜೆಯ ಹೊತ್ತಿಗೆ ಬೆಂಕಿ ತಾನಾಗಿ ಬೂದಿಯಾಯಿತು.

ಮರುದಿನ ಬೆಳಿಗ್ಗೆ ಮುದುಕಿಯ ಕೂಗಿಗೆ ಓಣಿಯೇ ಎದ್ದಿತು.

"ಬಂತು ಕಣೇ! ಭಾನುವಾರ ಬಂತು!"

ಅವತ್ತು ಗುರುವಾರ. ಯಾರೂ ತಿದ್ದಲಿಲ್ಲ. ಮುದುಕಿ ಎರಡು ಕೈಯನ್ನೂ ಅಗಲಿಸಿ ಗೋಡೆಯನ್ನು ತಬ್ಬಿ ನಿಂತಿದ್ದಳು. "ಎಷ್ಟು ಕಾಲ ಆಯ್ತೇ ಬಂದು! ಎಲ್ಲಿ ಹೋಗಿತ್ತು ಇಷ್ಟು ದಿನ?" ಮೇಸ್ತ್ರಿಯ ಕಡೆ ತಿರುಗಿದಳು. "ನೀರು ಕಾಯ್ಸು. ತಲೆಗೆ ಹಾಕು. ಆಮೇಲೆ ನೀನೂ ಹಾಕ್ಕೋ."

ಅವಳು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿದಳು. ಅಮ್ಮನ ಗಂಟುಗಟ್ಟಿದ ಕೂದಲನ್ನು ಒಂದೊಂದೇ ಎಳೆಯಾಗಿ ಬಿಡಿಸಿ ತೊಳೆದಳು. ಮುದುಕಿ ಅಳಲಿಲ್ಲ. ತನಗೆಂದು ಇನ್ನೊಂದು ಪಾತ್ರೆ ಒಲೆಯ ಮೇಲಿಟ್ಟು ಮೇಸ್ತ್ರಿ ಅಮ್ಮನನ್ನು ಹೊರಗೆ ಕರೆತಂದು ಬಿಸಿಲಿಗೆ ಕೂರಿಸಿ ಪಕ್ಕದಲ್ಲಿ ತಾನೂ ಕೂತಳು. ಮುದುಕಿ ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು ಕೂತಳು. ಓಣಿಯುದ್ದಕ್ಕೂ ಹೆಂಗಸರು ತಲೆ ಬಿಚ್ಚಿಕೊಂಡು ಕೂತಿದ್ದರು. ವರ್ಷದ ಮೇಲೆ ಮೊದಲ ಸಲ ಎಲ್ಲರೂ ಒಟ್ಟಿಗೆ.

ಗೇಟಿನವನು ಬಂದು ದೂರದಲ್ಲೇ ನಿಂತ. "ಹೊರಗಿನವರನ್ನ ತಂದು ಮಧ್ಯಾಹ್ನ ಬೆಂಕಿ ಹಾಕಿಸ್ತಾರಂತೆ. ಅದಕ್ಕೆ ಮುಂಚೆ ಬಂದವರಿಗೆ ಕೆಲಸ ಉಂಟಂತೆ. ಏನಂತ ಹೇಳಲಿ?"

"ತಲೆ ಒಣಗಿಲ್ಲ ಅಂತ ಹೇಳು ಹೋಗು!" ಮುದುಕಿ ಗದರಿದಳು. ಓಣಿಯೆಲ್ಲ ನಕ್ಕಿತು. ಮೇಸ್ತ್ರಿಯ ಮುಖದಲ್ಲೂ ನಗು ಬರುವುದರಲ್ಲಿತ್ತು.

ಮುದುಕಿ ನಗುವವರ ದನಿಗಳನ್ನು ಕಿವಿಗೊಟ್ಟು ಕೇಳಿದಳು. ಒಂದು ದನಿ ಕಡಿಮೆಯಾಗಿತ್ತು.

"ಮೂಲೆಮನೆಯವಳೆಲ್ಲಿ? ಅವಳಿಗಲ್ವಾ ಕೂದಲಿರೋದು. ಎಲ್ಲರೂ ಒಣಗಿಸ್ಕೊಳ್ತಿದಾರೆ, ಅವಳೆಲ್ಲಿ?"

ನಗು ನಿಂತಿತು. ಮೂಲೆಮನೆಯ ಬಾಗಿಲಿಗೆ ಬೀಗವಿತ್ತು. ನಿನ್ನೆ ಗೇಟಿನಲ್ಲಿ ಕೇಳಿದ ಪ್ರಶ್ನೆ ಇನ್ನೂ ಅಲ್ಲೇ ನಿಂತಿತ್ತು. ಈ ಸಲವೂ ಸುಮ್ಮನಿರಬಹುದಿತ್ತು. ಕಣ್ಣು ಕಾಣದವಳಿಗೆ ಏನು ಹೇಳಿದರೂ ನಡೆಯುತ್ತಿತ್ತು.

"ಅವಳು ತಲೆಗೆ ನೀರು ಹಾಕ್ಕೊಳ್ಳೋ ಹಾಗಿಲ್ಲ ಅಮ್ಮ" ಎಂದಳು ಮೇಸ್ತ್ರಿ. ದನಿ ಓಣಿಯ ಕೊನೆಯವರೆಗೂ ಕೇಳಿಸಿತು. "ತಲೆ ಚರ್ಮ ಕಿತ್ತು ಹೋಗಿದೆ. ಅವಳಿಗೆ ರಜಾ ಇತ್ತು. ತಲೆ ಒಣಗಿಲ್ಲ ಅಂದ್ಲು. ಹಾಗೇ ಬಾ ಅಂತ ನಾನೇ ಕರ್ಕೊಂಡು ಹೋದೆ. ಭಾನುವಾರಾನೂ ಎಲ್ಲೂ ಹೋಗಿರ್ಲಿಲ್ಲ. ನಾನೇ ಒಂದು ಕುರ್ಚಿಗೆ ಕೊಟ್ಟಿದ್ದೆ."

ಮುದುಕಿ ಮಗಳ ಹೆಗಲ ಮೇಲಿದ್ದ ಕೈಯನ್ನು ತೆಗೆದಳು. ಅವಳ ಕೂದಲಿನಿಂದ ನೀರು ಸೋರಿ ನೆಲ ಒದ್ದೆಯಾಗುತ್ತಿತ್ತು.

"ಅವಳು ತಲೆಗೆ ನೀರು ಹಾಕ್ಕೊಳ್ಳೋವರೆಗೂ ನೀನೂ ಹಾಕ್ಕೋಬೇಡ."

ಮೇಸ್ತ್ರಿ ಎದ್ದು ಒಳಗೆ ಹೋದಳು. ತನಗೆಂದು ಕಾಯಲು ಇಟ್ಟಿದ್ದ ನೀರನ್ನು ಒಲೆಯಿಂದ ಇಳಿಸಿ ಪಕ್ಕದ ಮನೆಯವಳಿಗೆ ಕೊಟ್ಟಳು.